ಸೀಮಂತದ ಬ್ಲೌಸ್ ಸೀಮಂತ ಮುಗಿದ ಮೇಲೆ ಬಂತು. ದುಡ್ಡು ವಾಪಸ್ ಕೇಳೋದು ತಪ್ಪಾ?

ಹಸಿರುಬಳೆ:
ಮೈಸೂರಿಂದ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಹೋದ ಭಾನುವಾರ ನನ್ನ ತಂಗಿ ಸೀಮಂತ ಇತ್ತು. ಏಳನೇ ತಿಂಗಳು. ಹಸಿರು ರೇಷ್ಮೆ ಸೀರೆಗೆ ಆರಿ ವರ್ಕ್ (ಮಣಿ, ಜರಿ ಕಸೂತಿ) ಬ್ಲೌಸ್ ಮಾಡಿಸೋಣ ಅಂತ 35 ದಿನ ಮುಂಚೆನೇ ಬಟ್ಟೆ ಕೊಟ್ಟಿದ್ದೆ. ಮನೆ ಮೆಟ್ಟಿಲ ಕೆಳಗಿನ ರೂಮಲ್ಲಿ ಇಬ್ಬರು ಹೆಂಗಸರು ನಡೆಸೋ ಅಂಗಡಿ, ಒಳ್ಳೆ ಕೈ. ವರ್ಕಿಗೆ 5,000, ಲೈನಿಂಗ್ ಸೇರಿ ಹೊಲಿಗೆಗೆ 1,200, ಸೆರಗಿನ ಕುಚ್ಚಿಗೆ 600. ಒಟ್ಟು 6,800. ಅದರಲ್ಲಿ 4,000 ಅಡ್ವಾನ್ಸ್. ಗುರುವಾರ ಕೊಡೋ ಮಾತು.

ಸೀರೆ ಕುಚ್ಚು ಹಾಕಿಸಿಕೊಂಡು ಬುಧವಾರನೇ ಬಂತು. ಬ್ಲೌಸ್ ಮಾತ್ರ ಗುರುವಾರ "ಹೆಮ್ಮಿಂಗ್ ಒಂದೇ ಬಾಕಿ ಅಕ್ಕ" ಆಯ್ತು. ಶುಕ್ರವಾರ ಫೋನ್ ಎತ್ತಲಿಲ್ಲ. ಶನಿವಾರ ರಾತ್ರಿ "ಬೆಳಿಗ್ಗೆ 8ಕ್ಕೆ ಹುಡುಗನ್ನ ಕಳಿಸ್ತೀನಿ". ಆರತಿ ಇದ್ದದ್ದು 10:30ಕ್ಕೆ. ಬ್ಲೌಸ್ ಬಂದಿದ್ದು ಮಧ್ಯಾಹ್ನ 2:45ಕ್ಕೆ, ಕೊನೇ ಪಂಕ್ತಿಗೆ ಮಜ್ಜಿಗೆ ಬಡಿಸ್ತಿದ್ದಾಗ. ಅಷ್ಟೊತ್ತಿಗೆ ತಂಗಿ ನನ್ನ ಹಳೇ ಹಸಿರು ಬ್ಲೌಸನ್ನ ಹಿಂದುಗಡೆ ನಾಲ್ಕು ಪಿನ್ ಹಾಕ್ಕೊಂಡು, ಮೇಲೆ ಸೆರಗು ಹೊದ್ದುಕೊಂಡು ಕೂತು ಎದ್ದಾಗಿತ್ತು. ಫೋಟೋದಲ್ಲೆಲ್ಲ ಒಂದು ಕೈ ಸೆರಗಿನ ಮೇಲೇ ಇದೆ. ಹಸಿರು ಬಳೆ ತೊಡಿಸೋ ಫೋಟೋದಲ್ಲೂ.

ಬಂದ ಹುಡುಗ ಬಾಕಿ 2,800 ಕೇಳಿದ. ಅಮ್ಮ ಗಡಿಬಿಡಿಯಲ್ಲಿ ಗೂಗಲ್ ಪೇ ಮಾಡಿಬಿಟ್ಟರು. ಈಗ ಪೂರ್ತಿ ದುಡ್ಡು ವಾಪಸ್ ಕೊಡಿ ಅಂದ್ರೆ, "ಒಂಬತ್ತು ದಿನ ಕೂತು ಕೆಲಸ ಮಾಡಿದೀವಿ, ಬ್ಲೌಸಿಗೇನಾಗಿದೆ, ನಾಮಕರಣಕ್ಕೆ ಹಾಕ್ಕೊಳ್ಳಿ" ಅಂತಾರೆ. ಏಳು ತಿಂಗಳ ಬಸುರಿ ಅಳತೆ ಅದು! ತೋಳಿನ ಮೇಲೆ ತೊಟ್ಟಿಲು ಬೇರೆ ಹೊಲಿದಿದ್ದಾರೆ. ಯಾವ ಮದುವೆಗೆ ಹಾಕ್ಕೊಂಡು ಹೋಗೋದು?

ನಮ್ಮನೆಯವರು "ಪಾಪದವರು, ಬಿಡು" ಅಂತಿದ್ದಾರೆ. ನೀವು ಹೇಳಿ.

ಲೆಕ್ಕಪುಸ್ತಕ:
ಇದರಲ್ಲಿ ಕೇಳೋದೇನಿದೆ? 6,800 ಪೂರ್ತಿ. ಇವತ್ತಿನ ಊಟ ನಾಳೆ ಬಡಿಸಿದ್ರೆ ತಂಗಳು ಅಂತೀವಿ, ಊಟ ಅನ್ನಲ್ಲ.

ಸೂಜಿದಾರ:
ದಾವಣಗೆರೆಯಲ್ಲಿ 19 ವರ್ಷದಿಂದ ಹೊಲೀತಿದೀನಿ. ಬೈಸ್ಕೊಳ್ಳೋಕೆ ರೆಡಿಯಾಗೇ ಬರೀತಿದೀನಿ.

ಆರಿ ಕೆಲಸ ಹೇಗೆ ನಡೆಯುತ್ತೆ ಗೊತ್ತಾ? ಮೊದಲು ಬಟ್ಟೆ ಮೇಲೆ ಅಳತೆ ಗುರುತು ಹಾಕ್ತೀವಿ, ಕತ್ತರಿಸಲ್ಲ. ಆ ಬಟ್ಟೆನ ಮರದ ಚೌಕಟ್ಟಿಗೆ ಬಿಗಿದು, ಅದರ ಮೇಲೆ ಮಣಿ, ಜರಿ, ರೇಷ್ಮೆ ದಾರದ ಕೆಲಸ. ಅದು ಮುಗಿದ ಮೇಲೇ ಕತ್ತರಿ. ಎಷ್ಟೋ ಅಂಗಡಿಗಳಲ್ಲಿ ಚೌಕಟ್ಟಿನ ಮುಂದೆ ಕೂರೋನು ಬೇರೆ, ಹೊಲಿಯೋಳು ಬೇರೆ. ಅವನಿಗೆ ಮೂರು ದಿನ ಜ್ವರ ಬಂದ್ರೆ ನನ್ನ ಮಿಷನ್ ಮೂರು ದಿನ ಸುಮ್ನೆ ಕೂರುತ್ತೆ. ಬಾಗಿಲಿಗೆ ಬಂದು ಬೈಯೋದು ಮಾತ್ರ ನನ್ನನ್ನ.

ಇನ್ನೊಂದು ಮಾತು. ಗಿರಾಕಿಗಳು ನಿಜವಾದ ತಾರೀಖು ಹೇಳಲ್ಲ. ಫಂಕ್ಷನ್ 20ಕ್ಕೆ ಇದ್ರೆ 15 ಅಂತಾರೆ. ನಮಗೂ ಅದು ಗೊತ್ತು. ಹಾಗಾಗಿ 15 ಅಂದ್ರೆ ಮನಸ್ಸಲ್ಲೇ 18 ಅಂತ ಬರ್ಕೋತೀವಿ. ನಿಜ ಹೇಳೋ ಒಬ್ಬಳು ಬಂದಾಗ ಅವಳದ್ದೂ ಮೂರು ದಿನ ಮುಂದಕ್ಕೆ ಹೋಗಿಬಿಡುತ್ತೆ. ಹಸಿರುಬಳೆಯವರೇ, ನೀವು ನಿಜ ಹೇಳಿದವರು ಅನ್ಸುತ್ತೆ.

ತಪ್ಪು ನಮ್ಮದೂ ಇದೆ. ವರಮಹಾಲಕ್ಷ್ಮಿ ಹಬ್ಬದ ಮುಂಚೆ 50 ಬ್ಲೌಸ್ ಆಗೋ ಕಡೆ 80 ಹಿಡೀತೀವಿ. ಬೇಡ ಅಂದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿ ಅಲ್ಲೇ ಉಳಿದುಬಿಡ್ತಾಳೆ ಅನ್ನೋ ಭಯ. ಆಷಾಢದಲ್ಲಿ ಬಾಡಿಗೆ ಕಟ್ಟೋದು ಶ್ರಾವಣದ ದುಡ್ಡಲ್ಲೇ.

ನಾನಾಗಿದ್ರೆ ಹೊಲಿಗೆ ದುಡ್ಡು ತಗೋತಿರಲಿಲ್ಲ. ವರ್ಕಿನ ದುಡ್ಡು ವಾಪಸ್ ಕೊಡೋಕೆ ಆಗಲ್ಲ, ಅದು ಕೂಲಿ, ಆಗಲೇ ಇನ್ನೊಬ್ಬನ ಕೈಗೆ ಹೋಗಿರುತ್ತೆ. ಆದ್ರೆ ಶುಕ್ರವಾರ ಫೋನ್ ಎತ್ತದೇ ಇದ್ದದ್ದು ಇದೆಯಲ್ಲ, ಅದಕ್ಕೆ ನನ್ನ ಹತ್ರ ಸಮರ್ಥನೆ ಇಲ್ಲ. ಅವತ್ತು "ಆಗಲ್ಲ" ಅಂದಿದ್ರೆ ನಿಮಗೆ ಪೂರ್ತಿ ಒಂದು ದಿನ ಸಿಗ್ತಿತ್ತು. ರೆಡಿಮೇಡ್ ತಂದು ಪಕ್ಕ ಬಿಚ್ಚಿ ಸರಿ ಮಾಡಿಸೋಕೆ ಎರಡು ತಾಸು ಸಾಕು.

ತೆಂಗಿನತೋಟ:
ತಾಯಿ ಬಾಕಿ ದುಡ್ಡು ಕೊಟ್ಟಿದ್ದೇ ತಪ್ಪು. ಅಲ್ಲಿಗೇ ಕೇಸ್ ಮುಗೀತು.

ಹಸಿರುಬಳೆ:
ತೆಂಗಿನತೋಟ ಅವರೇ, ಮನೆ ತುಂಬ ನೆಂಟರು, ಬಾಗಿಲಲ್ಲಿ ಹುಡುಗ ಹೆಲ್ಮೆಟ್ ತೆಗೀದೆ ನಿಂತಿದಾನೆ, ಬೀಗರು ನೋಡ್ತಿದ್ದಾರೆ. ಅಲ್ಲಿ ನಿಂತು 2,800ಕ್ಕೆ ಜಗಳ ಮಾಡೋ ತಾಯಿ ನಿಮ್ಮ ಊರಲ್ಲಿದ್ರೆ ಅವರಿಗೆ ನನ್ನ ನಮಸ್ಕಾರ.

ಹೋಳಿಗೆಮನಿ:
ನಾ ಹುಬ್ಬಳ್ಳ್ಯಾಗ ಮನಿಯಿಂದನ ಹೋಳಗಿ ಆರ್ಡರ್ ತಗೋತೀನ್ರಿ. ಮದ್ಲ ಒಂದ್ ಮಾತು. ನಮ್ಮ ಕಡೆ ಸೀಮಂತಕ್ಕ ಕುಬಸ ಅಂತಾರ. ಕುಬಸ ಅಂದ್ರ ನೀವು ಬ್ಲೌಸ್ ಅಂತೀರಲ್ಲ, ಅದನ. ಕುಬಸದ ದಿನ ಕುಬಸನ ಬರ್ಲಿಲ್ಲಂದ್ರ ಬಾಕಿ ಏನ್ ಉಳೀತ್ರೀ?

ಈಗ ನನ್ನ ಕಥಿ. ಹ್ವಾದ ವರ್ಷ ಒಂದ್ ಮನಿಯವ್ರು 250 ಹೋಳಗಿ ಹೇಳಿದ್ರು, ಒಂದಕ್ಕ 25 ರೂಪಾಯಿ. 12ಕ್ಕ ಎಲಿ ಹಾಕ್ತೀವಿ, 11ಕ್ಕ ಮುಟ್ಟಿಸ್ರಿ ಅಂದಿದ್ರು. ಮುಂಜಾನೆ ಕರೆಂಟ್ ಹೋತು. ಕಡ್ಲಿಬ್ಯಾಳಿ ಕುದ್ದು ಬೆಲ್ಲ ಕೂಡ್ಕೊಂಡು ಕುಂತೈತಿ, ಗ್ರೈಂಡರ್ ತಿರಗವಲ್ದು. ನಾನೂ ನಮ್ಮ ಅತ್ತೀನೂ ಒಳಕಲ್ಲಾಗ ರುಬ್ಬಿದ್ವಿ. ಹೂರಣ ಬಿಸಿ ಆರಿದ್ರ ಗಟ್ಟಿ ಆಕ್ಕೈತಿ, ಕಲ್ಲು ತಿರಗೂದಿಲ್ಲ, ಅಂಗೈಯಾಗ ಗುಳ್ಳಿ ಎದ್ದು ಬಿಟ್ಟುವು. ಹೋಳಗಿ ಮುಟ್ಟಿದಾಗ 12:40. ಮದಲ್ನೇ ಪಂಕ್ತಿ ಕೈ ತೊಳಕೊಂಡು ಅಡಕಿ ಹಾಕ್ಕೊಳ್ಳಾಕತ್ತಿತ್ತು.

ಎರಡನೇ ಪಂಕ್ತಿಯಿಂದ ಎಲ್ಲಾ ಹೋಳಗಿ ಖರ್ಚಾದ್ವು ಅನ್ನೂದು ಬ್ಯಾರೆ. 6,250 ಆಗ್ತಿತ್ತು, ನಾನ 2,000 ಬಿಟ್ಟು ತಗೊಂಡೆ. ಬ್ಯಾಳಿ, ಬೆಲ್ಲ, ತುಪ್ಪ, ಇಬ್ಬರು ಹೆಣ್ಮಕ್ಕಳ ಕೂಲಿ ಕಳದ್ರ ನನಗ ಉಳ್ಯೂದ ಅಷ್ಟು. ಅವ್ರೇನೂ ಕೇಳಿದ್ದಿಲ್ರಿ. ಕೇಳ್ಲಿಲ್ಲಂತನ ಕೊಟ್ಟೆ. ಕೇಳಿದ್ರ ಕರೆಂಟ್ ಹೋಗಿದ್ದಕ್ಕ ನಾ ಏನ್ ಮಾಡ್ಲಿ ಅಂತ ಜಗಳಕ್ಕ ಬೀಳ್ತಿದ್ನೇನೋ, ಖರೇ ಹೇಳ್ತೀನಿ.

ಒಂದುವರ್ಷದಅಪ್ಪ:
ನಮ್ಮ ಮಗನ ಮೊದಲನೇ ಹುಟ್ಟುಹಬ್ಬದ ಕೇಕ್ ಸಂಜೆ 6ಕ್ಕೆ ಬರಬೇಕಿತ್ತು, ರಾತ್ರಿ 9ಕ್ಕೆ ಬಂತು. ಮಗು ನಿದ್ದೆ ಹೋಗಿತ್ತು. ಕೂಗಾಡಿ ಪೂರ್ತಿ ದುಡ್ಡು ವಾಪಸ್ ಹಾಕಿಸ್ಕೊಂಡೆ. ಮಾರನೇ ಬೆಳಿಗ್ಗೆ ಅದೇ ಕೇಕ್ ಕತ್ತರಿಸಿ ತಿಂದ್ವಿ. ಚೆನ್ನಾಗಿತ್ತು. ಆ ಹುಡುಗಿ ರಸ್ತೆಯಲ್ಲಿ ಸಿಕ್ಕಿದ್ರೆ ಈಗಲೂ ಮುಖ ಬೇರೆ ಕಡೆ ತಿರುಗಿಸ್ತೀನಿ. ನಾನು ತಿರುಗಿಸ್ತೀನಿ, ಅವಳಲ್ಲ.

ಕರಿಕೋಟು:
ವಕೀಲಿಕೆ ನನ್ನ ಕಸುಬು. ಇಲ್ಲಿ ಹೇಳೋದು ತಿಳಿವಳಿಕೆಗೆ ಮಾತ್ರ.

1872ರ ಭಾರತೀಯ ಕರಾರು ಕಾಯ್ದೆಯ 55ನೇ ಕಲಮು ನೋಡಿ. ಹೊತ್ತಿಗೆ ಸರಿಯಾಗಿ ಆಗೋದೇ ಮುಖ್ಯ ಅಂತ ಇಬ್ಬರಿಗೂ ಗೊತ್ತಿದ್ದು, ಹೇಳಿದ ಹೊತ್ತಿಗೆ ಕೆಲಸ ಆಗದಿದ್ರೆ, ಕರಾರೇ ಬೇಡ ಅನ್ನೋ ಹಕ್ಕು ಕೆಲಸ ಕೊಟ್ಟ ಗಿರಾಕಿಗಿದೆ. ಆದ್ರೆ ಅದೇ ಕಲಮಿನಲ್ಲಿ ಕೊಕ್ಕೆಯೂ ಇದೆ. ತಡವಾಗಿ ಬಂದದ್ದನ್ನ ಒಪ್ಪಿ ತಗೊಂಡ್ರೆ, ಆಮೇಲೆ ತಡಕ್ಕೆ ಪರಿಹಾರ ಕೇಳೋ ಹಾಗಿಲ್ಲ. ಕೇಳ್ತೀನಿ ಅಂತ ತಗೊಳ್ಳೋ ಹೊತ್ತಲ್ಲೇ ತಿಳಿಸಿರಬೇಕು. ಅದಕ್ಕೇ ನನ್ನ ಪ್ರಶ್ನೆ: ಬ್ಲೌಸ್ ಕೈಗೆ ಬಂದಾಗ ಯಾರಾದ್ರೂ ಏನಾದ್ರೂ ಹೇಳಿದ್ರಾ?

ಇನ್ನೊಂದು, ಸೀಮಂತಕ್ಕೆ ಅಂತ ಅಂಗಡಿಯವರಿಗೆ ಗೊತ್ತಿತ್ತಾ? ಕಾನೂನು ಓದುವಾಗ ಎಲ್ಲರೂ ಓದೋ 1898ರ ಒಂದು ಮದ್ರಾಸ್ ತೀರ್ಪಿದೆ, ಮದ್ರಾಸ್ ರೈಲ್ವೆ ಕಂಪನಿಯ ಮೇಲೆ. ಅಲ್ಲಿ ದಾವೆ ಹೂಡಿದವನು ದರ್ಜಿಯೇ! ಒಂದು ಊರಲ್ಲಿ ಜಾತ್ರೆ-ಉತ್ಸವ, ಒಳ್ಳೆ ವ್ಯಾಪಾರ ಆಗುತ್ತೆ ಅಂತ ಹೊಲಿಗೆ ಮಿಷನ್ನು, ಬಟ್ಟೆ ಎಲ್ಲ ರೈಲಿಗೆ ಹಾಕಿದ. ರೈಲ್ವೆಯವರ ತಪ್ಪಿಂದ ಸಾಮಾನು ಮುಟ್ಟಿದಾಗ ಉತ್ಸವ ಮುಗಿದಿತ್ತು. ಹೋದ ಲಾಭ ಕೊಡಿ ಅಂತ ಕೇಳಿದ, ಸಿಗಲಿಲ್ಲ. ಉತ್ಸವಕ್ಕೆ ಅಂತ ಅವನು ರೈಲ್ವೆಯವರಿಗೆ ಹೇಳೇ ಇರಲಿಲ್ಲ, ಅದಕ್ಕೆ. ಹಬ್ಬದ ಬ್ಲೌಸಿಗೆ ದರ್ಜಿ ಕಾಯಿಸಿದ ಕಥೆ ಬಂದಾಗೆಲ್ಲ ನನಗೆ ಹಬ್ಬಕ್ಕೆ ಕಾದು ಕೆಟ್ಟ ಆ ದರ್ಜಿ ನೆನಪಾಗ್ತಾನೆ.

ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅಂಗಡಿ ಚಿಕ್ಕದು, ಬೋರ್ಡಿಲ್ಲ ಅನ್ನೋದು ಅಲ್ಲಿ ನಡೆಯಲ್ಲ. ದುಡ್ಡು ತಗೊಂಡು ಸೇವೆ ಕೊಟ್ಟರೆ ಸಾಕು. ಸೇವೆಯಲ್ಲಿ ಕೊರತೆಯಾದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ನೀವು ವಾಸ ಇರೋ ಜಿಲ್ಲೆಯಲ್ಲೇ ಕೊಡಬಹುದು, ವಕೀಲರೇ ಬೇಕು ಅಂತಿಲ್ಲ, 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ರೆ ಮಧ್ಯಸ್ಥಿಕೆಯಲ್ಲೇ ಮುಗಿಯೋದುಂಟು. ಆದ್ರೂ 6,800ಕ್ಕೆ ಆಯೋಗದ ಮೆಟ್ಟಿಲು ಹತ್ತೋ ಮುಂಚೆ ಎಷ್ಟು ದಿನ ರಜೆ ಹಾಕಬೇಕು ಅಂತ ಲೆಕ್ಕ ಹಾಕ್ಕೊಳ್ಳಿ. ಇದು ವಕೀಲ ಹೇಳೋ ಮಾತಲ್ಲ, ಗೊತ್ತು.

ಹಸಿರುಬಳೆ:
ಬಿಲ್ ಅಂತ ಕೊಟ್ಟಿಲ್ಲ. ಸಣ್ಣ ಚೀಟಿ ಇದೆ, ಅದರ ಮೂಲೆಗೆ ಬಟ್ಟೆ ತುಂಡು ಪಿನ್ ಮಾಡಿದ್ದಾರೆ. ಅವರದೇ ಕೈಬರಹದಲ್ಲಿ "ಸೀಮಂತ ಭಾನು, ಡೆಲಿವರಿ ಗುರು" ಅಂತಿದೆ. 3:10ಕ್ಕೆ ನಾನು ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಹಾಕಿದೀನಿ: "ಈಗ ತಂದು ಏನು ಮಾಡ್ಲಿ, ನನಗೆ ಇದು ಬೇಡ, ದುಡ್ಡು ವಾಪಸ್ ಹಾಕಿ." ಅಳು ಬರ್ತಿತ್ತು, ಹಿಂದೆ ಪಾತ್ರೆ ಸದ್ದು ಬೇರೆ ಇದೆ.

ಕರಿಕೋಟು:
ಆ ಚೀಟಿ ಬಿಸಾಡಬೇಡಿ. ವಾಯ್ಸ್ ಮೆಸೇಜೂ ಅಳಿಸಬೇಡಿ. 25 ನಿಮಿಷದೊಳಗೆ ಬೇಡ ಅಂದಿದ್ದೀರಿ, ಒಪ್ಪಿ ತಗೊಂಡ್ರು ಅಂತ ಅವರು ವಾದ ಮಾಡೋದು ಕಷ್ಟ. ಆದ್ರೆ ಬೇಡ ಅಂದ ಮೇಲೆ ಬ್ಲೌಸ್ ನಿಮ್ಮ ಬೀರುವಿನಲ್ಲಿ ಇರಬಾರದು. ಪೂರ್ತಿ ದುಡ್ಡು ಬೇಕು ಅಂದ್ರೆ ವಸ್ತು ವಾಪಸ್ ಕೊಡೋಕೆ ತಯಾರಿರಬೇಕು.

ಸೂಜಿದಾರ:
ವಾಪಸ್ ಕೊಟ್ರೆ ಅವರೇನು ಮಾಡ್ತಾರೆ ಸಾರ್? ಬಟ್ಟೆ ನಿಮ್ಮದು, ಅಳತೆ ನಿಮ್ಮದು, ತೊಟ್ಟಿಲು ನಿಮ್ಮದು. ಮಾರೋಕಾಗಲ್ಲ. ಸೀರೆ ಜೊತೆ ಬಂದ ಬ್ಲೌಸ್ ಪೀಸ್ ಆದ್ರೆ ಸೀರೆನೂ ಜೋಡಿ ಕಳ್ಕೊಳ್ಳುತ್ತೆ. ಅಂಗಡಿಯ ಮೂಲೆಯಲ್ಲಿ ಇಂಥವು ಒಂದು ಚೀಲ ತುಂಬ ಇರ್ತವೆ. ನನ್ನ ಹತ್ರನೂ ಇದೆ.

ಕಡಲಮಲ್ಲಿಗೆ:
ನಮ್ಮ ಉಡುಪಿ ಕಡೆ ಇದಕ್ಕಿಂತ ಸುಲಭ ಮಾರಾಯ್ರೆ. ಮದುವೆಗೆ ಶಂಕರಪುರ ಮಲ್ಲಿಗೆ ಹೇಳುವುದುಂಟಲ್ಲ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಲೆಕ್ಕ, ರೇಟು ದಿನಾ ಬೇರೆ. ಧಾರೆಗೆ ಬರ್ಲಿಲ್ಲ ಅಂದ್ರೆ ಮಧ್ಯಾಹ್ನಕ್ಕೆ ಅದು ಬಾಡಿದ ಹೂ, ಯಾರೂ ವಾದ ಮಾಡುವುದಿಲ್ಲ. ನಮ್ಮ ಅಕ್ಕನ ಮದುವೆಗೆ ಬಸ್ಸಿನಲ್ಲಿ ಹಾಕಿದ ಹೂವಿನ ಕಟ್ಟು ಇಳಿಸದೆ ಮುಂದಿನ ಊರಿಗೆ ಹೋಯ್ತು. ಹೂವಿನವರು ದುಡ್ಡು ವಾಪಸ್ ಕೊಡ್ಲಿಲ್ಲ, ಬಸ್ಸಿನವರದ್ದು ತಪ್ಪು ಅಂದ್ರು. ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಕೇಳದೆ ಎರಡು ಅಟ್ಟೆ ಕಳಿಸಿದ್ರು, ಒಂದು ರೂಪಾಯಿ ತಗೊಳ್ಳಲಿಲ್ಲ. ಅಪ್ಪ ಇವತ್ತಿಗೂ ಅವರ ಹತ್ರವೇ ತರುವುದು.

ಲೆಕ್ಕಪುಸ್ತಕ:
ಎಲ್ಲರೂ ಕಥೆ ಹೇಳಿ ಕರಗಿಸ್ತಿದ್ದೀರಿ. ಆನ್‌ಲೈನಲ್ಲಿ 199 ರೂಪಾಯಿ ದಿಂಬಿನ ಕವರು ಒಂದು ದಿನ ತಡ ಆದ್ರೆ ಇದೇ ಜನ ಕಸ್ಟಮರ್ ಕೇರ್ ಜೊತೆ ಅರ್ಧ ಗಂಟೆ ಗುದ್ದಾಡ್ತಾರೆ. 2020ರ ಇ-ವಾಣಿಜ್ಯ ನಿಯಮದಲ್ಲೇ ಇದೆ: ಹೇಳಿದ ದಿನಕ್ಕಿಂತ ತಡವಾಗಿ ಕೊಟ್ರೆ ದುಡ್ಡು ವಾಪಸ್ ಕೊಡಲ್ಲ ಅನ್ನೋ ಹಾಗಿಲ್ಲ, ಪ್ರಕೃತಿ ವಿಕೋಪದಂಥ ಕೈಮೀರಿದ ಕಾರಣ ಇದ್ರೆ ಮಾತ್ರ ಬಿಟ್ಟು. ಪಕ್ಕದ ಬೀದಿ ಅಂಗಡಿಗೆ ಬಂದಾಗ ಮಾತ್ರ "ಪಾಪ" ಅಂತೆ. ಪಾಪ ಯಾರು, ಪಿನ್ ಚುಚ್ಚಿಸಿಕೊಂಡು ಕೂತ ಬಸುರಿ ಹುಡುಗಿನಾ, ಇವರಾ?

ಹೋಳಿಗೆಮನಿ:
ಅಣ್ಣಾರ, ದೊಡ್ಡ ಕಂಪನಿ ನಿಮಗ 199 ವಾಪಸ್ ಕೊಟ್ರ ಅದು ಅವ್ರ ಕಿಸೆದಾಗಿಂದ ಹೋಗೂದು ಕಡಿಮಿ. ಮಾಲು ಕೊಟ್ಟ ನಮ್ಮಂಥವ್ರ ಬಿಲ್ಲಿನಾಗ ಕಡಿತಾರ. ನಾ ಚಕ್ಕುಲಿ ಹಾಕಿ ನೋಡೇನಿ, ಅದಕ್ಕ ಹೇಳಾಕತ್ತೇನಿ.

ಮತ್ತ, ಪಾಪ ಇಬ್ರೂ. ಖರೇ, ಆ ಹುಡುಗಿ ಒಂದ್ ಕೈ ಹೆಚ್ಚು.

ತೆಂಗಿನತೋಟ:
ಹಸಿರುಬಳೆಯವರೇ, ಮೊನ್ನೆ ಒರಟಾಗಿ ಬರೆದೆ. ನನ್ನ ಮದುವೆ ಪಂಚೆ ತೊಳೆಯೋಕೆ ಕೊಟ್ಟಿದ್ದು ಇನ್ನೂ ಬಂದಿಲ್ಲ, ಆರು ವರ್ಷ ಆಯ್ತು. ಆ ಸಿಟ್ಟು.

ಹಸಿರುಬಳೆ:
ಹನ್ನೊಂದು ದಿನ ಆದ ಮೇಲೆ ಬರೀತಿದೀನಿ. ನಿನ್ನೆ ಅಂಗಡಿಗೆ ಹೋಗಿದ್ದೆ, ಬ್ಲೌಸ್ ತಗೊಂಡು.

ಹೋಗುವಾಗ ಕರಿಕೋಟು ಅವರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡ್ಕೊಂಡು ಹೋದೆ. ಒಳಗೆ ಎರಡು ಚೌಕಟ್ಟು. ಒಂದರಲ್ಲಿ ಕೆಂಪು ಬಟ್ಟೆ ಬಿಗಿದಿತ್ತು, ಇನ್ನೊಂದು ಖಾಲಿ, ಗೋಡೆಗೆ ಒರಗಿಸಿಟ್ಟಿದ್ರು. ವರ್ಕ್ ಮಾಡೋ ಹುಡುಗ ಊರಿಗೆ ಹೋದವನು ವಾಪಸ್ ಬಂದಿಲ್ವಂತೆ, ನಮ್ಮ ಬ್ಲೌಸಿನ ಎರಡನೇ ತೋಳನ್ನ ಅಂಗಡಿಯ ಇಬ್ಬರಲ್ಲಿ ಒಬ್ಬಾಕೆಯೇ ಶನಿವಾರ ರಾತ್ರಿ ಕೂತು ಮಾಡಿದ್ದಂತೆ. ನೋಡಿದ್ರೆ ಗೊತ್ತಾಗುತ್ತೆ. ಎಡಗಡೆ ತೊಟ್ಟಿಲಿಗೆ ನಾಲ್ಕು ಸರಪಣಿ ಇದೆ, ಬಲಗಡೆದಕ್ಕೆ ಮೂರು. ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ, ಆಕೆಯೇ ತೋರಿಸಿದ್ರು.

ಸ್ವಲ್ಪ ಮೆತ್ತಗಾದೆ, ಸುಳ್ಳು ಹೇಳಲ್ಲ. ಆಮೇಲೆ ಟೇಬಲ್ ಮೇಲಿದ್ದ ಪುಸ್ತಕ ನೋಡಿದೆ. ಅದೇ ಭಾನುವಾರಕ್ಕೆ ನಾಲ್ಕು ಆರ್ಡರ್ ಬರ್ಕೊಂಡಿದ್ರು. ನಮ್ಮದಾದ ಮೇಲೆ ಹಿಡಿದದ್ದು ಎರಡು. "ಹುಡುಗ ಇಲ್ಲ ಅಂತ ಗೊತ್ತಿದ್ದೂ ಇವೆರಡು ಯಾಕೆ ಹಿಡಿದ್ರಿ?" ಅಂದೆ. ಆಕೆ ಸೂಜಿಡಬ್ಬಿ ಮುಚ್ಚಿ ಸುಮ್ನೆ ಕೂತ್ರು. ಶುಕ್ರವಾರ ಯಾಕೆ ಫೋನ್ ಎತ್ತಲಿಲ್ಲ ಅಂತ ಕೇಳಿದೆ. "ನೀವು ಬೈತೀರಿ ಅಂತ" ಅಂದ್ರು. ಅಷ್ಟೇ ಉತ್ತರ.

ಪೂರ್ತಿ 6,800 ಕೊಡೋಕಾಗಲ್ಲ ಅಂದ್ರು. ಒಂದೂವರೆ ತಾಸು ಮಾತಾದ ಮೇಲೆ, ಭಾನುವಾರ ಅಮ್ಮ ಹಾಕಿದ್ರಲ್ಲ, ಆ 2,800 ವಾಪಸ್ ಹಾಕಿದ್ರು. ಅಡ್ವಾನ್ಸ್ 4,000 ಅವರ ಹತ್ರ. ಕುಚ್ಚು ಹೇಳಿದ ದಿನಕ್ಕೇ ಬಂದಿತ್ತು, ಅದರ ದುಡ್ಡು ನಾನೂ ಕೇಳಲಿಲ್ಲ. ಬ್ಲೌಸ್ ನಮಗೇ. ಬಾಣಂತನ ಮುಗಿದ ಮೇಲೆ ತಂದ್ರೆ ದುಡ್ಡಿಲ್ಲದೆ ಹಿಡಿದುಕೊಡ್ತೀನಿ ಅಂದ್ರು.

ತಂಗಿ ಅದನ್ನ ನೋಡಲ್ಲ ಅಂತಾಳೆ. ಬೀರುವಿನಲ್ಲಿ ನನ್ನ ಕಡೆ ಇಟ್ಟಿದೀನಿ.

ಲೆಕ್ಕಪುಸ್ತಕ:
ಸೋತು ಬಂದ್ರಿ.

ಸೂಜಿದಾರ:
ನಾನು ಹೇಳಿದ್ದು 1,200. ಆಕೆ ಅದಕ್ಕಿಂತ ಜಾಸ್ತಿನೇ ಕೊಟ್ಟಿದ್ದಾಳೆ. ಈ ತಿಂಗಳು ಆಕೆಗೆ ಕಷ್ಟ. ಹಸಿರುಬಳೆಯವರೇ, ಒಳಗಡೆ ಎಷ್ಟು ಬಟ್ಟೆ ಬಿಟ್ಟು ಹೊಲಿದಿದ್ದಾರೆ ನೋಡಿ. ಬಸುರಿ ಬ್ಲೌಸ್ ಪಕ್ಕ ಹಿಡಿಯೋದು ಸುಲಭ, ತೋಳು ಹಿಡಿಯುವಾಗ ವರ್ಕ್ ಹಾಳಾಗದ ಹಾಗೆ ನೋಡ್ಕೋಬೇಕು. ಅವಸರ ಮಾಡಬೇಡಿ ಅಂತ ಹೇಳಿ.

ಕರಿಕೋಟು:
ಬರಹದಲ್ಲಿ ಏನಾದ್ರೂ ತಗೊಂಡ್ರಾ?

ಹಸಿರುಬಳೆ:
ಗೂಗಲ್ ಪೇಯಲ್ಲಿ ದುಡ್ಡಿನ ಜೊತೆ ಆಕೆ ಬರೆದಿದ್ದು "ಸೀಮಂತ ಲೇಟ್" ಅಂತ. ಅಷ್ಟೇ.

ಮಾಘದಮದುವೆ:
ಹೊಸಬಳು. ಪೂರ್ತಿ ಓದಿದೆ. ಒಂದು ಮಾತು ಕೇಳ್ಲಾ, ಬೈಬೇಡಿ. ಆ ತೊಟ್ಟಿಲ ಕೆಲಸ ಅಷ್ಟು ಚೆನ್ನಾಗಿದೆಯಾ? ಮಾಘದಲ್ಲಿ ನನ್ನ ಮದುವೆ, ಮೈಸೂರಲ್ಲೇ. ಒಳ್ಳೆ ಕೈ ಅಂದ್ರಲ್ಲ, ಅಂಗಡಿ ಎಲ್ಲಿ?

ನಿರ್ವಾಹಕ:
ಅಂಗಡಿ ಹೆಸರು, ನಂಬರ್ ಇಲ್ಲಿ ಹಾಕಬೇಡಿ. ಖಾಸಗಿಯಾಗಿ ಕೇಳ್ಕೊಳ್ಳಿ.

ಹಸಿರುಬಳೆ:
ಮೆಸೇಜ್ ಮಾಡಿದೀನಿ ನೋಡಿ. ಮದುವೆ ತಾರೀಖು ಎಂಟು ದಿನ ಹಿಂದಿನದ್ದು ಹೇಳಿ.